ಬಾಯಿಯೊಳಗಿಂದ ಥೈರಾಯ್ಡ್ ಆಪರೇಷನ್: ತಂಗಿಗೆ ಮಾಡಿಸಬಹುದಾ?

ತೀರ್ಥಹಳ್ಳಿ_ಅಕ್ಕ
ಎಲ್ಲರಿಗೂ ನಮಸ್ಕಾರ. ತಂಗಿಗೆ 29 ವರ್ಷ, ಬೆಂಗಳೂರಿನಲ್ಲಿ ಹೈಸ್ಕೂಲ್ ಟೀಚರ್. ಕುತ್ತಿಗೆಯ ಬಲಗಡೆ ಒಂದು ಗಂಟು. ನೀರು ನುಂಗಿದಾಗ ಮೇಲೆ ಕೆಳಗೆ ಆಡುವುದು ಕಣ್ಣಿಗೇ ಕಾಣುತ್ತದೆ. ಸ್ಕ್ಯಾನಿನಲ್ಲಿ 3 ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಅಂತ ಬಂದಿದೆ. ಸೂಜಿ ಚುಚ್ಚಿ ಮಾಡುವ ಎಫ್‌ಎನ್‌ಎಸಿ ರಿಪೋರ್ಟಿನಲ್ಲಿ ‘ಬೆಥೆಸ್ಡಾ 4’ ಎಂದು ಬರೆದಿದ್ದಾರೆ. ಥೈರಾಯ್ಡ್ ರಕ್ತಪರೀಕ್ಷೆ ಮಾತ್ರ ನಾರ್ಮಲ್.

ಗ್ರಂಥಿಯ ಬಲಭಾಗ ತೆಗೆಯಲೇಬೇಕು ಅಂತ ಇಬ್ಬರು ಡಾಕ್ಟರೂ ಹೇಳಿದರು. ಒಮ್ಮತ ಅಲ್ಲಿಗೇ ಮುಗಿಯಿತು. ಒಬ್ಬರು ಕುತ್ತಿಗೆ ಕೊಯ್ದೇ ತೆಗೆಯೋಣ ಎನ್ನುತ್ತಾರೆ. ಇನ್ನೊಬ್ಬರು ಕೆಳತುಟಿಯ ಒಳಗಿನಿಂದ ಕ್ಯಾಮೆರಾ ಕಳಿಸಿ ತೆಗೆಯುತ್ತೇನೆ, ಹೊರಗೆ ಕಲೆಯೇ ಇರುವುದಿಲ್ಲ ಎನ್ನುತ್ತಾರೆ. ಅಮ್ಮನಿಗೆ ಎರಡನೆಯದೇ ಹಿಡಿಸಿದೆ. ಮದುವೆ ಮಾತುಕತೆ ನಡೀತಾ ಇದೆ, ಅದಕ್ಕೆ. ನನಗೋ ಬಾಯಿಗೂ ಥೈರಾಯ್ಡಿಗೂ ಎತ್ತಣ ಸಂಬಂಧ ಅಂತಲೇ ಅರ್ಥವಾಗುತ್ತಿಲ್ಲ. ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ಜಯನಗರ_ನಾಲ್ಕನೇ_ಬ್ಲಾಕ್
ನಾನು ಮಾಡಿಸಿಕೊಂಡಿದ್ದೇನೆ ಅಕ್ಕ. ನನ್ನದು ಹಾರ್ಮೋನ್ ಜಾಸ್ತಿ ಸುರಿಸುತ್ತಿದ್ದ ಗಂಟು, ಎಡಗಡೆ, ಸುಮಾರು 2 ಸೆಂ.ಮೀ. ಇತ್ತು. ಕ್ಯಾನ್ಸರ್ ಅನುಮಾನ ಇರಲಿಲ್ಲ.

ಎಚ್ಚರವಾದಾಗ ಕುತ್ತಿಗೆಗಿಂತ ಮೂಗು, ಗಂಟಲೇ ಜಾಸ್ತಿ ನೋಯುತ್ತಿತ್ತು. ಉಸಿರಿನ ಕೊಳವೆಯನ್ನು ಮೂಗಿನಿಂದ ಹಾಕಿದ್ದರು. ಗದ್ದದ ಕೆಳಗಿನಿಂದ ನೆತ್ತಿಯವರೆಗೆ ಎಲಾಸ್ಟಿಕ್ ಪಟ್ಟಿ ಬಿಗಿದಿದ್ದರು, ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡವರ ಹಾಗೆ. ಮರುದಿನ ಬಿಚ್ಚಿದರು. ಗದ್ದದಿಂದ ಎದೆಯ ಮೇಲ್ಭಾಗದವರೆಗೂ ನೀಲಿಗಟ್ಟಿತ್ತು. ಅದು ತಾನಾಗಿಯೇ ಹೋಯಿತು.

ಊಟ ಮೊದಲು ಗಂಜಿ, ಅಂಬಲಿ, ತಣ್ಣನೆ ಮಜ್ಜಿಗೆ. ಖಾರದ ಸಾರು ಮೊದಲ ಸಲ ಬಾಯಿಗಿಟ್ಟಾಗ ಒಳತುಟಿ ಚುರ್ ಎಂದಿತು ನೋಡಿ! ಪ್ರತಿ ಊಟದ ಮೇಲೂ ಔಷಧದ ನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ಹೊಲಿಗೆ ಕರಗುವ ದಾರದ್ದು, ಬಿಚ್ಚುವ ಗೋಜಿಲ್ಲ.

ನನಗೆ ಯಾರೂ ಸರಿಯಾಗಿ ಹೇಳದೇ ಇದ್ದದ್ದು ಗದ್ದದ ಮರಗಟ್ಟುವಿಕೆ. ಕಾಫಿ ಲೋಟ ತುಟಿಗೆ ತಾಗಿದ್ದು ಗೊತ್ತಾಗುತ್ತಿರಲಿಲ್ಲ. ಗದ್ದಕ್ಕೆ ಅನ್ನದ ಅಗುಳು ಅಂಟಿದ್ದರೆ ಮಗಳು ಹೇಳಬೇಕಿತ್ತು. ಕೆಲವು ತಿಂಗಳಲ್ಲಿ ಸರಿಹೋಯಿತು. ಈಗ ಕುತ್ತಿಗೆ ನೋಡಿದರೆ ಆಪರೇಷನ್ ಆಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನಗಂತೂ ಸಮಾಧಾನ ಇದೆ.

ಗೆರೆ_ಇದ್ರೇನಂತೆ
ನನ್ನದು ಹಳೇ ಪದ್ಧತಿ, ಕುತ್ತಿಗೆ ಕೊಯ್ದೇ ಮಾಡಿದ್ದು. ಕುತ್ತಿಗೆಯ ಮಡಿಕೆಯಲ್ಲೇ ಗೆರೆ ಹಾಕಿದ್ದರು. ಮೊದಲ ಆರು ತಿಂಗಳು ಕೆಂಪಗೆ ಎದ್ದು ಕಾಣುತ್ತಿತ್ತು, ಈಗ ನಾನೇ ಹುಡುಕಬೇಕು. ಮರುದಿನ ಮನೆಗೆ ಬಂದು ಮೊಸರನ್ನ ತಿಂದೆ. ಬಾಯಿ ನೋವಿಲ್ಲ, ಗದ್ದ ಮರಗಟ್ಟಲಿಲ್ಲ.

ನನಗೆ ಸಿಟ್ಟು ಬರುವುದು ಜಾಹೀರಾತಿಗೆ. ಒಂದು ಆಸ್ಪತ್ರೆಯ ಬೋರ್ಡ್ ನೋಡಿದೆ: ‘ಗಾಯವಿಲ್ಲದ ಥೈರಾಯ್ಡ್ ಸರ್ಜರಿ’. ಗಾಯವಿಲ್ಲದೆ ಗ್ರಂಥಿ ಹೊರಗೆ ಬರುತ್ತದಾ? ಮದುವೆಗೆ ಅಂತ ಹುಡುಗಿಯರ ಹೆದರಿಕೆಯನ್ನೇ ಬಂಡವಾಳ ಮಾಡಿಕೊಳ್ಳುವುದು ಸರಿಯಲ್ಲ. ಕಲೆ ನೋಡಿ ಹಿಂದೆ ಸರಿಯುವ ಗಂಡು ಬೇಕಾದರೂ ಯಾಕೆ?

ಹುಬ್ಳಿ_ಸರ್ಜನ್
ನೋಡ್ರಿ, ಇಬ್ಬರು ಹೇಳಿದ್ದೂ ನಿಜವೇ. ನಾನು ಕುತ್ತಿಗೆಯ ಗ್ರಂಥಿಗಳ ಆಪರೇಷನ್ ಮಾಡುವವನು, ಎರಡೂ ರೀತಿ ಮಾಡುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಮೊದಲನೆಯದು, ಇದನ್ನು ‘ಸಣ್ಣ ಆಪರೇಷನ್’ ಅಂದುಕೊಳ್ಳಬೇಡಿ. ಕಲೆ ಅಡಗಿರುತ್ತದೆ, ಅಷ್ಟೇ. ಕುತ್ತಿಗೆ ಕೊಯ್ದರೆ ಥೈರಾಯ್ಡ್ ಅಲ್ಲೇ ಎದುರಿಗೇ ಸಿಗುತ್ತದೆ. ಬಾಯಿಯಿಂದ ಹೋದರೆ ತುಟಿಯಿಂದ ಗದ್ದದ ಮೂಳೆ ದಾಟಿ, ಕುತ್ತಿಗೆಯ ಚರ್ಮದ ಅಡಿಯಲ್ಲಿ ಎದೆಮೂಳೆಯ ತನಕ ಬಿಡಿಸಿಕೊಂಡು ಜಾಗ ಮಾಡಬೇಕು. ಒಳಗೆ ಬಿಡಿಸುವ ಜಾಗ ಇದರಲ್ಲೇ ಜಾಸ್ತಿ.

ಮಾಡುವುದು ಹೀಗೆ. ಕೆಳತುಟಿಯ ಒಳಭಾಗದಲ್ಲಿ ಮೂರು ಕಡೆ ಕೊಯ್ಯುತ್ತೇವೆ. ನಡುವೆ 10 ಮಿ.ಮೀ., ಕ್ಯಾಮೆರಾಗೆ. ಎರಡು ಪಕ್ಕದಲ್ಲಿ 5 ಮಿ.ಮೀ., ಕೈಯಾಡಿಸುವ ಉಪಕರಣಗಳಿಗೆ. ಪಕ್ಕದವನ್ನು ತುಟಿಯ ಅಂಚಿನ ಹತ್ತಿರಕ್ಕೇ ಹಾಕಬೇಕು. ಕೆಳಗೆ ಗದ್ದಕ್ಕೆ ಸ್ಪರ್ಶ ಕೊಡುವ ನರ ದವಡೆಯಿಂದ ಹೊರಬರುವ ಜಾಗ ಇದೆ. ಜಯನಗರದ ಮೇಡಂಗೆ ಅಗುಳು ಗೊತ್ತಾಗದಿದ್ದದ್ದು ಆ ನರ ಎಳೆದು ನೊಂದಿದ್ದಕ್ಕೆ ಇರಬಹುದು. ಅಡ್ರಿನಲಿನ್ ಬೆರೆಸಿದ ಸಲೈನ್ ಬಿಟ್ಟು ಪದರ ಬಿಡಿಸುತ್ತೇವೆ. ಇಂಗಾಲದ ಡೈಆಕ್ಸೈಡ್ ಗಾಳಿಯನ್ನು 6 ಮಿ.ಮೀ. ಪಾದರಸದ ಒತ್ತಡದಲ್ಲಿ ತುಂಬಿ ಜಾಗ ಉಳಿಸಿಕೊಳ್ಳುತ್ತೇವೆ. ಶ್ವಾಸನಾಳದ ಮುಂದಿನ ಸ್ನಾಯುಗಳನ್ನು ನಡುವೆ ಬಿಡಿಸಿ, ಹೊರಗಿನಿಂದಲೇ ಒಂದು ಹೊಲಿಗೆ ಹಾಕಿ ಪಕ್ಕಕ್ಕೆ ಎಳೆದಿಡುತ್ತೇವೆ. ಆಮೇಲೆ ಗ್ರಂಥಿ. ಮೇಲ್ತುದಿಯ ರಕ್ತನಾಳಗಳನ್ನು ಮೊದಲು ಮುಚ್ಚಿ ಕತ್ತರಿಸುತ್ತೇವೆ. ಧ್ವನಿಪೆಟ್ಟಿಗೆಯ ನರವನ್ನು ಅದು ಒಳಹೋಗುವ ಜಾಗದಲ್ಲಿ ಗುರುತಿಸಿ, ಅಲ್ಲಿಂದ ಕೆಳಕ್ಕೆ ಬಿಡಿಸುತ್ತಾ ಹೋಗುತ್ತೇವೆ. ಕೊನೆಗೆ ತೆಗೆದ ಭಾಗವನ್ನು ಪುಟ್ಟ ಚೀಲಕ್ಕೆ ಹಾಕಿ ನಡುವಿನ ಕೊಯ್ತದಿಂದ ಹೊರಗೆ ಎಳೆಯುತ್ತೇವೆ.

ಈ ಪದ್ಧತಿ ಬಂದ ದಾರಿಯೂ ಸ್ವಾರಸ್ಯದ್ದು. ಸ್ವಿಟ್ಜರ್ಲೆಂಡಿನ ಬರ್ನ್ ಊರಿನ ಥಿಯೊಡೋರ್ ಕೋಖರ್ ಥೈರಾಯ್ಡ್ ಕೆಲಸಕ್ಕೆ 1909ರಲ್ಲಿ ನೊಬೆಲ್ ಪಡೆದವರು. ಕುತ್ತಿಗೆಯ ಅಡ್ಡಗೆರೆಯನ್ನು ಈಗಲೂ ಅವರ ಹೆಸರಿನಲ್ಲೇ ಕರೆಯುತ್ತೇವೆ. ಕುತ್ತಿಗೆಯೊಳಕ್ಕೆ ಕ್ಯಾಮೆರಾ ಹೋದದ್ದು 1996ರಲ್ಲಿ, ಪ್ಯಾರಾಥೈರಾಯ್ಡ್ (ರಕ್ತದ ಕ್ಯಾಲ್ಸಿಯಂ ಹತೋಟಿಯಲ್ಲಿಡುವ ಪುಟ್ಟ ಗ್ರಂಥಿ) ತೆಗೆಯಲು. ಆಮೇಲೆ ಕಂಕುಳು, ಎದೆ, ಕಿವಿಯ ಹಿಂದೆ ಅಂತ ಬೇರೆ ಬೇರೆ ದಾರಿ ಹುಡುಕಿದರು. ಜರ್ಮನಿಯಲ್ಲಿ ನಾಲಿಗೆಯ ಅಡಿಯಿಂದ ಹೋಗಿ ನೋಡಿದರು. ತೊಂದರೆ ಜಾಸ್ತಿಯಾಗಿ ಆ ದಾರಿ ನಿಲ್ಲಲಿಲ್ಲ. ತುಟಿಯ ಒಳಗಿನ ದಾರಿಯನ್ನು ಪಳಗಿಸಿದವರು ಬ್ಯಾಂಕಾಕಿನ ಪೊಲೀಸ್ ಜನರಲ್ ಆಸ್ಪತ್ರೆಯ ಅಂಗ್‌ಕೂನ್ ಅನುವಾಂಗ್. ಮೊದಲ 60 ಜನರ ಅನುಭವ 2016ರಲ್ಲಿ ಬಂತು, 2018ರಲ್ಲಿ 425 ಜನರದ್ದು. ಅದರಲ್ಲಿ ಕಾಯಂ ಧ್ವನಿ ಹೋದವರು ಯಾರೂ ಇರಲಿಲ್ಲ. ಸ್ವಲ್ಪ ಕಾಲ ಧ್ವನಿ ಕೆಟ್ಟವರು ನೂರಕ್ಕೆ ಸುಮಾರು 6 ಮಂದಿ. ಆಪರೇಷನ್ ಸಮಯ ಸರಾಸರಿ 100 ನಿಮಿಷದ ಹತ್ತಿರ, ಕುತ್ತಿಗೆ ಕೊಯ್ದವರಲ್ಲಿ 80ರ ಆಸುಪಾಸು. ಆದರೆ ಅದು ದಾರಿ ಹುಡುಕಿದವರ ಕೈ. ಎಲ್ಲರ ಕೈಗೂ ಅದೇ ಲೆಕ್ಕ ಹಾಕುವ ಹಾಗಿಲ್ಲ.

ಈಗ ನಿಮ್ಮ ತಂಗಿಯ ವಿಷಯ. ನನಗೆ ಕಲೆಗಿಂತ ತಲೆಬಿಸಿ ‘ಬೆಥೆಸ್ಡಾ 4’ರದ್ದು. ಸೂಜಿಯಲ್ಲಿ ಬಂದ ಜೀವಕೋಶ ನೋಡಿ ಇದು ಕ್ಯಾನ್ಸರೋ ಅಲ್ಲವೋ ಹೇಳಲು ಆಗಲಿಲ್ಲ ಎಂದು ಅದರ ಅರ್ಥ. ಹೆದರಬೇಡಿ, ಇಂಥವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಆದರೆ ತೀರ್ಮಾನವಾಗುವುದು ಗಂಟಿನ ಸುತ್ತ ಇರುವ ಪೊರೆಯಲ್ಲಿ. ಜೀವಕೋಶಗಳು ಆ ಪೊರೆಯನ್ನು ದಾಟಿವೆಯಾ ಅಂತ ಪೆಥಾಲಜಿಯವರು ಸುತ್ತಲೂ ನೋಡಬೇಕು. 3 ಸೆಂ.ಮೀ. ದಾಟಿದ ಗಂಟನ್ನು ತುಟಿಯ ಸಣ್ಣ ಕೊಯ್ತದಿಂದ ಎಳೆಯುವಾಗ ಅದು ಹರಿದರೆ ಆ ಪೊರೆ ಓದಲು ಸಿಗುವುದಿಲ್ಲ. ಆಪರೇಷನ್ ಚೆನ್ನಾಗಿ ಆಗಿರುತ್ತದೆ, ರಿಪೋರ್ಟ್ ಕೆಡುತ್ತದೆ. ಹಾಗಾಗಿ ನಿಮ್ಮ ಡಾಕ್ಟರನ್ನು ಮೊದಲು ಇದನ್ನೇ ಕೇಳಿ: ಗಂಟು ಇಡಿಯಾಗಿ ಹೇಗೆ ಹೊರಗೆ ಬರುತ್ತದೆ? ಕೆಲವರು ಕಂಕುಳಲ್ಲಿ ಇನ್ನೊಂದು ಕೊಯ್ತ ಹಾಕಿ ಅಲ್ಲಿಂದ ತೆಗೆಯುತ್ತಾರೆ. ಎಷ್ಟು ಕೇಸ್ ಮಾಡಿದ್ದೀರಿ, ಎಷ್ಟು ಸಲ ಅರ್ಧದಲ್ಲಿ ಕುತ್ತಿಗೆ ಕೊಯ್ಯಬೇಕಾಯಿತು ಅಂತಲೂ ಕೇಳಿ. ಸಂಕೋಚ ಬೇಡ. ಸಿಟ್ಟಾಗುವ ಡಾಕ್ಟರಾದರೆ ಅಲ್ಲಿಂದ ಎದ್ದು ಬನ್ನಿ.

ತೀರ್ಥಹಳ್ಳಿ_ಅಕ್ಕ
ಸರ್, ತುಂಬಾ ಥ್ಯಾಂಕ್ಸ್. ಗಂಟು ಹೊರಗೆ ಬರುವ ವಿಷಯ ಯಾರೂ ಹೇಳಿರಲಿಲ್ಲ. ಈ ದಾರಿ ಯಾರಿಗೆ ಬೇಡವೇ ಬೇಡ?

ಹುಬ್ಳಿ_ಸರ್ಜನ್
ಕುತ್ತಿಗೆಗೆ ಮೊದಲೇ ಆಪರೇಷನ್ ಅಥವಾ ರೇಡಿಯೇಷನ್ ಆಗಿದ್ದವರಿಗೆ, ಎದೆಯೊಳಕ್ಕೆ ಇಳಿದ ದೊಡ್ಡ ಗಳಗಂಡಕ್ಕೆ, ಅಕ್ಕಪಕ್ಕ ಹರಡಿದ ಕ್ಯಾನ್ಸರಿಗೆ ಬೇಡ. ಬಾಯಲ್ಲಿ ಕೀವು, ಹುಣ್ಣು ಇದ್ದರೆ ಮೊದಲು ಅದನ್ನು ವಾಸಿ ಮಾಡಿಕೊಂಡು ಬರಬೇಕು. ಕುತ್ತಿಗೆ ಕೊಯ್ಯುವ ಆಪರೇಷನ್‌ಗೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬೇಕಾಗುವುದಿಲ್ಲ, ಬಾಯಿಯಿಂದ ಹೋದರೆ ಬೇಕು. ಎಲೆ ಅಡಿಕೆ, ಗುಟ್ಕಾ ಹಾಕುವವರ ಬಾಯಿ ನೋಡಿ ನಾನು ಎಷ್ಟೋ ಜನರನ್ನು ವಾಪಸ್ ಕಳಿಸಿದ್ದೇನೆ. ಟೀಚರಮ್ಮಂಗೆ ಆ ಸಮಸ್ಯೆ ಇರಲಿಕ್ಕಿಲ್ಲ.

ನಿದ್ದೆ_ಡಾಕ್ಟರ್
ನಾನು ಅರಿವಳಿಕೆಯವನು. ಸರ್ಜನ್ ಸಾಹೇಬರು ಗಾಳಿಯ ಒತ್ತಡ 6 ಅಂದು ಹಾಗೇ ಮುಂದೆ ಹೋದರು. ನಮ್ಮ ಎದೆಬಡಿತ ಇರುವುದು ಅಲ್ಲೇ. ಗದ್ದದ ಕೆಳಗಿನ ಒಂದು ರಕ್ತನಾಳ ಹರಿದು ಗಾಳಿ ಅದರೊಳಗೆ ನುಗ್ಗಿದರೆ ಹೃದಯಕ್ಕೇ ಹೋಗುತ್ತದೆ. ಅಪರೂಪ, ಆದರೆ ಆಗಿದೆ. ರೋಗಿ ಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಎಷ್ಟಿದೆ ಎಂದು ಮಾನಿಟರಿನಲ್ಲಿ ಒಂದು ಗೆರೆ ಓಡುತ್ತಿರುತ್ತದೆ. ಅದು ತಟ್ಟನೆ ಕುಸಿದರೆ ನಾನು ಕೂಗುತ್ತೇನೆ, ಗಾಳಿ ನಿಲ್ಲುತ್ತದೆ, ರೋಗಿಯ ತಲೆ ಕೆಳಗೆ ಮಾಡಿ ಎಡಮಗ್ಗುಲಿಗೆ ತಿರುಗಿಸುತ್ತೇವೆ. ಇದಕ್ಕೇ ನಾನು ಹೇಳುವುದು, ಇಡೀ ತಂಡ ಈ ಕೆಲಸಕ್ಕೆ ಹೊಂದಿಕೊಂಡಿರುವ ಕಡೆ ಹೋಗಿ. ಸರ್ಜನ್ ಒಬ್ಬರು ಬ್ಯಾಂಕಾಕಿಗೆ ಹೋಗಿ ಕಲಿತು ಬಂದರೆ ಸಾಲದು.

ಮೂಗಿನ ಮೂಳೆ ಸೊಟ್ಟ ಇದ್ದರೆ, ಪದೇಪದೇ ಮೂಗಿನಲ್ಲಿ ರಕ್ತ ಬರುತ್ತಿದ್ದರೆ ನಮಗೆ ಮುಂಚೆಯೇ ಹೇಳಿ.

ಕಡಲತಡಿ_ಭಾಗವತ
ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನಗೂ ಥೈರಾಯ್ಡ್ ಗಂಟು ಇದೆ, ಆಪರೇಷನ್ ಅಂದಿದ್ದಾರೆ. ಹವ್ಯಾಸಿ ಯಕ್ಷಗಾನ ತಂಡದಲ್ಲಿ ಭಾಗವತಿಕೆ ಮಾಡುತ್ತೇನೆ. ಮಾತು ಉಳಿದರೆ ಸಾಲದು ನನಗೆ, ಏರು ಶ್ರುತಿಯ ಪದ್ಯ ಉಳಿಯಬೇಕು. ಬಾಯಿಯಿಂದ ಮಾಡಿದರೆ ಸ್ವರಕ್ಕೆ ಒಳ್ಳೆಯದು ಅಂತ ಒಬ್ಬರು ಹೇಳಿದರು. ಹೌದಾ?

ಹುಬ್ಳಿ_ಸರ್ಜನ್
ಭಾಗವತರೇ, ಧ್ವನಿಗೆ ಸಂಬಂಧಪಟ್ಟು ಎರಡು ನರ ಇವೆ. ಕೆಳಗಿನಿಂದ ಮೇಲೆ ಬರುವ ದೊಡ್ಡ ನರ ಕೆಟ್ಟರೆ ಧ್ವನಿ ಗೊಗ್ಗರಾಗುತ್ತದೆ, ನೀರು ಕುಡಿದರೆ ಕೆಮ್ಮು ಬರುತ್ತದೆ. ಎಲ್ಲರೂ ಕೇಳುವುದು ಅದರ ಬಗ್ಗೆ. ನಿಮ್ಮ ತಾರಸ್ಥಾಯಿ ನಿಂತಿರುವುದು ಇನ್ನೊಂದು ಸಣ್ಣ ನರದ ಮೇಲೆ. ಅದು ಥೈರಾಯ್ಡಿನ ಮೇಲ್ತುದಿಯ ರಕ್ತನಾಳಗಳ ಪಕ್ಕದಲ್ಲೇ ಹಾಯುತ್ತದೆ. ಧ್ವನಿತಂತು ಬಿಗಿಯುವ ಸ್ನಾಯುವಿಗೆ ಅದೇ ಕೀಲಿ. ಅದು ಹೋದರೆ ಸಾದಾ ಮಾತಿನಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹಾಡುವವರಿಗೆ ಮೇಲಿನ ಸ್ವರ ಹತ್ತುವುದಿಲ್ಲ, ಬೇಗ ದಣಿವಾಗುತ್ತದೆ.

ಇಟಲಿಯ ಒಪೆರಾ ಗಾಯಕಿ ಅಮೆಲಿಟಾ ಗಾಲಿ ಕೂರ್ಚಿ ಅವರಿಗೆ 1935ರಲ್ಲಿ ಷಿಕಾಗೋದಲ್ಲಿ ಗಳಗಂಡ ತೆಗೆದರು. ಆ ಸಣ್ಣ ನರಕ್ಕೆ ಏಟು ಬಿದ್ದೇ ಅವರ ಹಾಡು ಮುಗಿಯಿತು ಅಂತ ನಮಗೆಲ್ಲ ಕ್ಲಾಸಿನಲ್ಲಿ ಹೇಳುತ್ತಿದ್ದರು. ಆಪರೇಷನ್‌ಗೆ ಮುಂಚೆಯೇ ಅವರ ಕಂಠ ಇಳಿದಿತ್ತು ಅಂತ ಆಮೇಲೆ ಸಂಶೋಧಕರು ವಾದ ಮಾಡಿದ್ದಾರೆ. ಏನೇ ಇರಲಿ, ಆ ಕತೆಯಿಂದ ಸರ್ಜನ್‌ಗಳಿಗೆ ಹೆದರಿಕೆ ಹುಟ್ಟಿತು. ಅದು ಒಳ್ಳೆಯದೇ ಆಯಿತು.

ಕ್ಯಾಮೆರಾದಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತದೆ ಎಂಬುದು ನಿಜ. ಆದರೆ ಮೇಲ್ತುದಿ ದೊಡ್ಡದಿದ್ದರೆ ಬಾಯಿಯಿಂದ ಬಂದವರಿಗೆ ಅಲ್ಲೇ ಕೆಲಸ ಕಷ್ಟ. ಸ್ವರಕ್ಕೆ ಇದೇ ಒಳ್ಳೆಯದು ಅಂತ ನಾನು ಹೇಳಲಾರೆ. ನರ ಗುರುತಿಸುವ ಮಾನಿಟರ್ ಬಳಸುವವರ ಹತ್ತಿರ ಹೋಗಿ, ನೀವು ಹಾಡುತ್ತೀರಿ ಅಂತ ಮೊದಲ ಭೇಟಿಯಲ್ಲೇ ಹೇಳಿ. ಆಪರೇಷನ್‌ಗೆ ಮುಂಚೆ ಇಎನ್‌ಟಿಯವರಿಂದ ಧ್ವನಿತಂತು ನೋಡಿಸಿ. ಒಂದೆರಡು ಪದ್ಯ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಡಿ, ಹೋಲಿಸಲು ಬೇಕಾಗುತ್ತದೆ.

ಎದ್ದ_ಕಲೆ
ಗೆರೆ ಇದ್ರೇನಂತೆ ಎನ್ನುವವರಿಗೆ ಒಂದು ಮಾತು. ನಾನು ಗಂಡಸು. ನನಗೆ ಕೀಲಾಯ್ಡ್ ಆಗುವ ಚರ್ಮ. ಎದೆಯ ಮೇಲೆ ಮೊಡವೆ ಒಡೆದ ಜಾಗ ಬೆರಳಿನಷ್ಟು ದಪ್ಪ ಎದ್ದು ನಿಂತಿದೆ. ಬೇಸಿಗೆಯಲ್ಲಿ ತುರಿಕೆ, ರಾತ್ರಿ ನಿದ್ದೆ ಇಲ್ಲ. ಅದರ ಮೇಲೆ ಸ್ಟೀರಾಯ್ಡ್ ಇಂಜೆಕ್ಷನ್ ಚುಚ್ಚಿಸಿಕೊಂಡವರಿಗೇ ಗೊತ್ತು ಆ ಉರಿ. ನನ್ನಂಥವರು ಕುತ್ತಿಗೆ ಕೊಯ್ಯಿಸಿಕೊಳ್ಳಲು ಹಿಂಜರಿದರೆ ಅದು ಶೋಕಿ ಅಲ್ಲ. ಬಾಯೊಳಗೆ ಕೀಲಾಯ್ಡ್ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದ್ದಕ್ಕೇ ನಾನು ಬಾಯಿಯಿಂದ ಮಾಡಿಸಿಕೊಂಡೆ.

ಗೆರೆ_ಇದ್ರೇನಂತೆ
ನಿಮ್ಮ ವಿಷಯ ಬೇರೆ ಅಣ್ಣ, ಒಪ್ಪಿದೆ. ನನ್ನ ಜಗಳ ಆ ಬೋರ್ಡಿನ ಜೊತೆ.

ಪಾಲಿಸಿ_ಪುಟ್ಟಣ್ಣ
ಇನ್ಶೂರೆನ್ಸ್ ಕ್ಲೇಮ್ ಕೆಲಸದಲ್ಲಿದ್ದೇನೆ. ಕಲೆ ಕಾಣದ ಹಾಗೆ ಮಾಡುವುದಲ್ವಾ, ಕಾಸ್ಮೆಟಿಕ್ ಅಂತ ತಿರಸ್ಕರಿಸುತ್ತಾರಾ ಎಂದು ಬಹಳ ಜನ ಕೇಳುತ್ತಾರೆ. ಗಂಟು ಕಾಯಿಲೆ ತಾನೇ, ಹಾಗಾಗಿ ಇದು ಕಾಸ್ಮೆಟಿಕ್ ಅಲ್ಲ. ಪೂರ್ವಾನುಮತಿ ಕೇಳುವಾಗ ಎಫ್‌ಎನ್‌ಎಸಿ ರಿಪೋರ್ಟ್, ಸ್ಕ್ಯಾನ್ ಎರಡನ್ನೂ ಲಗತ್ತಿಸಿ. ಜಗಳ ಬರುವುದು ಮೊತ್ತದಲ್ಲಿ. ಮಾಮೂಲಿ ಥೈರಾಯ್ಡ್ ಆಪರೇಷನ್ ದರಕ್ಕಿಂತ ಜಾಸ್ತಿ ಬಂದದ್ದನ್ನು ಕಂಪನಿ ಕಡಿತ ಮಾಡಬಹುದು. ರೋಬೋಟ್ ಬಳಸುವುದಾದರೆ ಇನ್ನೂ ಹುಷಾರು. ರೋಬೋಟಿಕ್ ಸರ್ಜರಿಗೆ ಎಷ್ಟೋ ಪಾಲಿಸಿಗಳಲ್ಲಿ ಪ್ರತ್ಯೇಕ ಮಿತಿ ಇದೆ. ಅಡ್ಮಿಟ್ ಆಗುವ ಮುಂಚೆ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ‘ಆಗುತ್ತೆ ಸಾರ್’ ಅಂದದ್ದು ಲೆಕ್ಕಕ್ಕಿಲ್ಲ.

ಬೆಣ್ಣೆದೋಸೆ_ದಾವಣಗೆರೆ
ನಮ್ಮ ತಾಯಿಗೆ ಪ್ಯಾರಾಥೈರಾಯ್ಡ್ ಅಂದಿದ್ದಾರೆ. ಎರಡು ಸಲ ಕಿಡ್ನಿ ಕಲ್ಲು ತೆಗೆಸಿದ ಮೇಲೆ ಯಾರೋ ಪುಣ್ಯಾತ್ಮರು ರಕ್ತದ ಕ್ಯಾಲ್ಸಿಯಂ ನೋಡಿದರು, ಜಾಸ್ತಿ ಇತ್ತು. ಅದನ್ನೂ ಬಾಯಿಯಿಂದ ತೆಗೆಯಬಹುದಾ?

ಹುಬ್ಳಿ_ಸರ್ಜನ್
ತೆಗೆಯಬಹುದು. ಥೈರಾಯ್ಡಿನ ಹಿಂದೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಇರುತ್ತವೆ. ಹೆಚ್ಚಿನವರಲ್ಲಿ ಒಂದೇ ಒಂದು ಊದಿರುತ್ತದೆ. ಯಾವುದು ಅಂತ ಅಲ್ಟ್ರಾಸೌಂಡ್ ಮತ್ತು ಸೆಸ್ಟಮಿಬಿ ಸ್ಕ್ಯಾನ್ ಎರಡೂ ಒಂದೇ ಕಡೆ ಬೆರಳು ತೋರಿಸಿದರೆ ಬಾಯಿಯ ದಾರಿಗೆ ಒಳ್ಳೆಯ ಕೇಸ್. ಗ್ರಂಥಿ ಚಿಕ್ಕದು, ಹೊರಗೆ ಬರುವ ತೊಂದರೆಯೇ ಇಲ್ಲ. ತೆಗೆದು 10 ನಿಮಿಷಕ್ಕೆ ರಕ್ತದಲ್ಲಿ ಪ್ಯಾರಾಥೈರಾಯ್ಡ್ ಹಾರ್ಮೋನ್ ಅರ್ಧಕ್ಕಿಂತ ಕೆಳಗೆ ಇಳಿದರೆ ಸರಿಯಾದದ್ದೇ ತೆಗೆದಿದ್ದೇವೆ ಎಂದು ಟೇಬಲ್ ಮೇಲೆಯೇ ಗೊತ್ತಾಗುತ್ತದೆ. ಸ್ಕ್ಯಾನುಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಕುತ್ತಿಗೆ ಕೊಯ್ದು ನಾಲ್ಕನ್ನೂ ನೋಡುವುದೇ ಮೇಲು.

ನಿಂಬೆಹುಳಿ
ನನಗೆ ಊಟಕ್ಕೆ ಕೂತರೆ ಸಾಕು ದವಡೆ ಕೆಳಗೆ ಊದುತ್ತದೆ. ಉಪ್ಪಿನಕಾಯಿ ಕಂಡರೆ ಇನ್ನೂ ಜಾಸ್ತಿ. ಇದೂ ಥೈರಾಯ್ಡಾ?

ಹುಬ್ಳಿ_ಸರ್ಜನ್
ಅಲ್ರಿ. ಅದು ಜೊಲ್ಲಿನ ಗ್ರಂಥಿ, ಬಹುಶಃ ಕೊಳವೆಯಲ್ಲಿ ಕಲ್ಲು ಸಿಕ್ಕಿದೆ. ಸಣ್ಣ ಕಲ್ಲಾದರೆ ನಾಲಿಗೆ ಅಡಿಯ ಕೊಳವೆಯ ಬಾಯಿಂದಲೇ ತೆಳ್ಳನೆ ಕ್ಯಾಮೆರಾ ಹಾಕಿ ತೆಗೆಯುತ್ತಾರೆ. ಇಎನ್‌ಟಿಯವರಿಗೆ ತೋರಿಸಿ. ಹೊಸ ಚರ್ಚೆ ಶುರು ಮಾಡಿ, ಇಲ್ಲಿ ಟೀಚರಮ್ಮನ ವಿಷಯ ಮುಗಿಯಲಿ.

ಬಲಗಡೆ_ಗಂಟು
ಎಲ್ಲರಿಗೂ ನಮಸ್ಕಾರ. ಆ ತಂಗಿ ನಾನೇ. ಅಕ್ಕ ಲಿಂಕ್ ಕಳಿಸಿದಳು. ಸಂಜೆ ಅಮ್ಮನಿಗೆ ಪೂರ್ತಿ ಓದಿ ಹೇಳಿದೆ.

ನಿನ್ನೆ ಬಾಯಿಯಿಂದ ಮಾಡುವ ಡಾಕ್ಟರ ಹತ್ತಿರ ಹೋಗಿ ಇಲ್ಲಿ ಹೇಳಿಕೊಟ್ಟ ಪ್ರಶ್ನೆಗಳನ್ನೇ ಕೇಳಿದೆ. ಸಿಟ್ಟಾಗಲಿಲ್ಲ. ಮಾಡಿದ ಕೇಸುಗಳ ಲೆಕ್ಕ ಕೊಟ್ಟರು, ಅರ್ಧದಲ್ಲಿ ಕುತ್ತಿಗೆ ಕೊಯ್ದದ್ದನ್ನೂ ಮುಚ್ಚಿಡಲಿಲ್ಲ. ಗಂಟು ಇಡಿಯಾಗಿ ಬರುತ್ತದಾ ಅಂದಾಗ ಮಾತ್ರ ಸ್ವಲ್ಪ ಹೊತ್ತು ಸ್ಕ್ಯಾನ್ ನೋಡಿದರು. ‘ಚೀಲದಲ್ಲಿ ಬರುತ್ತದೆ, ಚೂರೂ ಹರಿಯುವುದಿಲ್ಲ ಅಂತ ಬರೆದುಕೊಡಲಾರೆ. ಬೇಕಿದ್ದರೆ ಕಂಕುಳಿಂದ ತೆಗೆಯೋಣ’ ಅಂದರು. ಕಂಕುಳಲ್ಲೂ ಕೊಯ್ಯಿಸಿಕೊಂಡು, ತುಟಿಯಲ್ಲೂ ಕೊಯ್ಯಿಸಿಕೊಳ್ಳುವುದು ನನಗೆ ಸರಿಕಾಣಲಿಲ್ಲ. ಕುತ್ತಿಗೆಯಲ್ಲೇ ಮಾಡಿಸುತ್ತೇನೆ. ನನ್ನ ಚರ್ಮ ಕೀಲಾಯ್ಡಿನದ್ದಲ್ಲ. ಅಮ್ಮ ಮುಖ ಸಣ್ಣ ಮಾಡಿಕೊಂಡರು, ಆಮೇಲೆ ‘ರಿಪೋರ್ಟ್ ಸರಿಯಾಗಿ ಬರಲಿ’ ಅಂದರು.

ಸರ್, ಎರಡು ಪ್ರಶ್ನೆ. ಯಾವಾಗ ಕ್ಲಾಸಿಗೆ ಹೋಗಬಹುದು? ಜೀವನಪೂರ್ತಿ ಮಾತ್ರೆ ನುಂಗಬೇಕಾ? 60 ಮಕ್ಕಳ ಕ್ಲಾಸು, ಕೂಗದಿದ್ದರೆ ನಡೆಯುವುದಿಲ್ಲ.

ಹುಬ್ಳಿ_ಸರ್ಜನ್
ಎಲ್ಲ ಸರಿಯಾಗಿ ನಡೆದರೆ ಎರಡು ವಾರದ ಮೇಲೆ ಹೋಗಬಹುದು, ಆದರೆ ಕೂಗುವುದು ಬೇಡ. ಕಾಲರಿಗೆ ಸಿಕ್ಕಿಸುವ ಮೈಕ್ ತೆಗೆದುಕೊಳ್ಳಿ. ಅರ್ಧ ಗ್ರಂಥಿ ಉಳಿಯುವುದರಿಂದ ಐವರಲ್ಲಿ ಸುಮಾರು ನಾಲ್ವರಿಗೆ ಮಾತ್ರೆ ಬೇಕಾಗುವುದಿಲ್ಲ. ಆರು ವಾರದ ಮೇಲೆ ಟಿಎಸ್‌ಎಚ್ ಎಂಬ ಥೈರಾಯ್ಡ್ ರಕ್ತಪರೀಕ್ಷೆ ನೋಡಿ ಹೇಳುತ್ತಾರೆ. ಕ್ಯಾನ್ಸರ್ ಅಂತ ಬಂದರೆ ಉಳಿದರ್ಧವನ್ನೂ ತೆಗೆಯಬೇಕಾಗಬಹುದು. ಆಗ ಮಾತ್ರೆ ಬೇಕೇ ಬೇಕು. ಅಡ್ಮಿಟ್ ಆಗುವಾಗ ಎಫ್‌ಎನ್‌ಎಸಿ ಕಾಗದದ ಜೊತೆ ಗಾಜಿನ ಸ್ಲೈಡುಗಳನ್ನೂ ಲ್ಯಾಬಿನಿಂದ ಇಸಕೊಂಡು ಹೋಗಿ. ಅಲ್ಲಿನ ಪೆಥಾಲಜಿಯವರು ಅದನ್ನೇ ಕೇಳುತ್ತಾರೆ.

ಜಯನಗರ_ನಾಲ್ಕನೇ_ಬ್ಲಾಕ್
ಮುಂದೆ ಗುಂಡಿ ಇರುವ ನೈಟಿ ಎರಡು ತೆಗೆದಿಟ್ಟುಕೋ ತಂಗಿ. ತಲೆ ಮೇಲಿಂದ ಹಾಕುವುದು ಮೊದಲ ವಾರ ಆಗುವುದಿಲ್ಲ.